ಮಚ್ಚೆ ಮೈಮೇಲೆ, ಭಾರ ಮನಸ್ಸಿನ ಮೇಲೆ



ಅಥಣಿಯ ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಬಿಗಿದು ಬಸ್ಸಿಗೆ ಕಾಯುವ ಹುಡುಗನ ತೋಳಲ್ಲಿ ತೊನ್ನಿನ ಬಿಳಿ ಮಚ್ಚೆ ಇರಬಹುದು. ಅವನನ್ನು ಸುಡುವುದು ಬಿಸಿಲಿಗಿಂತ ಹೆಚ್ಚಾಗಿ ಜನರ ನೋಟ.

ಜಗತ್ತಿನ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ತೊನ್ನು ಇದೆ. ಬಣ್ಣ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುವುದರಿಂದ ಬರುವ ಕಾಯಿಲೆ ಅದು. ಅಂಟುವುದಿಲ್ಲ, ಕುಷ್ಠವೂ ಅಲ್ಲ. ಇನ್ನೊಂದು ಚರ್ಮರೋಗವಾದ ಸೋರಿಯಾಸಿಸ್ ಕೂಡ ಅಂಟುರೋಗವಲ್ಲ. ಆದರೂ ಪಂಕ್ತಿಯಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ, ಗೊತ್ತಾಗಬೇಕಿದ್ದ ಮದುವೆ ಸಂಬಂಧ ಮುರಿಯುತ್ತದೆ. ಆಗ ಖಿನ್ನತೆ, ಆತಂಕ, ನಿದ್ರೆಗೇಡು ಬೆನ್ನುಹತ್ತುತ್ತವೆ. ಮನಸ್ಸಿನ ಒತ್ತಡ ಹೆಚ್ಚಿದರೆ ಸೋರಿಯಾಸಿಸ್ ಉಲ್ಬಣಿಸುವುದೂ ಉಂಟು. ಹೀಗೆ ಚರ್ಮ ಮನಸ್ಸನ್ನು, ಮನಸ್ಸು ಚರ್ಮವನ್ನು ಹಿಂಡುತ್ತವೆ.

ಇಂಥ ಕಳಂಕ ಬೇಗ ಅಳಿಯುವುದಿಲ್ಲ. ಕುಷ್ಠರೋಗಕ್ಕೆ ಔಷಧಿ ಬಂದು ದಶಕಗಳೇ ಆದವು. ಆದರೆ ಆ ರೋಗ ವಿಚ್ಛೇದನಕ್ಕೆ ಕಾರಣವಾಗದಂತೆ ಕಾನೂನು ತಿದ್ದುಪಡಿಯಾದದ್ದು 2019ರಲ್ಲಿ. ಕಾನೂನೇ ಇಷ್ಟು ತಡಮಾಡಿದರೆ ಊರಿನ ಮಾತು ಬದಲಾಗಲು ಎಷ್ಟು ಕಾಲ ಬೇಕೋ!

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡದ ಬಂಧುಗಳೇ, ಮನೆಯಲ್ಲಿ ಚರ್ಮರೋಗ ಇರುವವರಿದ್ದರೆ ಮುಲಾಮಿನ ಜೊತೆಗೆ ಮನಸ್ಸನ್ನೂ ವಿಚಾರಿಸಿ. ‘ಯಾವ ಔಷಧಿ ಹಚ್ಚುತ್ತೀ?’ ಎನ್ನುವ ಮೊದಲು ‘ರಾತ್ರಿ ನಿದ್ದೆ ಬರುತ್ತಾ?’ ಎಂದು ಕೇಳಿ. ಚರ್ಮವೈದ್ಯರ ಮುಂದೆ ಬೇಸರವನ್ನೂ ಹೇಳಿಕೊಳ್ಳಲಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಉಚಿತ. ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು. ಮದುವೆ ಮನೆಯಲ್ಲಿ ಅವರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂರುವುದಕ್ಕಂತೂ ಯಾವ ವೈದ್ಯರ ಚೀಟಿಯೂ ಬೇಕಿಲ್ಲ.