‘ಡೋಸೈಲ್’ ಎಂದರೆ ಸಾಧುವೇ?



ಮಂಗಳವಾರ್ತೆಯ ಹಬ್ಬದಂದು ಇಂಗ್ಲಿಷ್ ಪ್ರಬೋಧನೆಗಳಲ್ಲಿ ಮಾತೆ ಮರಿಯಮ್ಮನವರನ್ನು ‘ಡೋಸೈಲ್’ ಎಂದು ಕೊಂಡಾಡುವುದನ್ನು ನಾವು ಕೇಳುತ್ತೇವೆ. ವಿಧೇಯ, ಸಾಧು ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಒದೆಯದೆ ಹಾಲು ಕೊಡುವ ಹಸುವನ್ನೂ ಸಾಧು ಎನ್ನುತ್ತೇವಲ್ಲ! ಇಂಗ್ಲಿಷಿನವರೂ ಆ ಪದವನ್ನು ಎಷ್ಟೋ ಸಲ ದನ, ಕುದುರೆಗಳಿಗೇ ಬಳಸುತ್ತಾರೆ. ಮನುಷ್ಯರಿಗೆ ಬಳಸಿದರೆ ಅದರಲ್ಲಿ ತುಸು ತಾತ್ಸಾರವೂ ಇರುತ್ತದೆ.

ಆದರೆ ಆ ಪದ ಹುಟ್ಟಿದ್ದು ‘ಕಲಿಸು’ ಎಂಬ ಅರ್ಥದ ಲತೀನ್ ಪದದಿಂದ. ‘ಡಾಕ್ಟರ್’ ಕೂಡ ಅದೇ ಬೇರಿನದು. ಮೂಲಾರ್ಥ, ಕಲಿಯಲು ಸಿದ್ಧವಿರುವ ಮನಸ್ಸು. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ಗುಣವನ್ನು ವಿವೇಕದ ಭಾಗವೆಂದೇ ಎಣಿಸಿದರು. ಬಲ್ಲವರಿಗೂ ಅದು ಬೇಕೆಂದರು.

ಮದುವೆಯ ಮಾತು ಬಂದಾಗ ಮಗಳು ‘ಯಾಕೆ?’ ಎಂದರೆ, ‘ಮರಿಯಮ್ಮನನ್ನು ನೋಡಿ ಕಲಿ’ ಎಂದು ಬಾಯಿ ಮುಚ್ಚಿಸುತ್ತೇವೆ. ಸರಿ, ನೋಡೋಣ. ಸಂತ ಲೂಕರ ಶುಭಸಂದೇಶದಲ್ಲಿ ಆ ತಾಯಿ ಮೊದಲು ಕಳವಳಗೊಂಡರು, ಯೋಚಿಸಿದರು, ಇದು ಹೇಗಾದೀತೆಂದು ದೂತನನ್ನೇ ಕೇಳಿದರು. ಉತ್ತರ ಸಿಕ್ಕ ಮೇಲೆ ಒಪ್ಪಿದರು. ಬಳಿಕ ತಡಮಾಡದೆ ಬೆಟ್ಟದ ನಾಡಿಗೆ, ಎಲಿಜಬೇತಮ್ಮನ ಮನೆಗೆ ಹೊರಟರು. ಹೋಗೆಂದು ದೂತನೇನೂ ಹೇಳಿರಲಿಲ್ಲ.