ನಿಧಾನವೆಂಬ ನಿಧಿ



ಕನ್ನಡದಲ್ಲಿ ನಿಧಾನವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಆತುರವಿಲ್ಲದೆ ಮೆಲ್ಲನೆ ನಡೆಯುವುದು ಒಂದು. ನೆಲದೊಳಗೆ ಹುದುಗಿರುವ ನಿಕ್ಷೇಪವು ಮತ್ತೊಂದು. ಯಂತ್ರಗಳ ವಿಷಯದಲ್ಲಿ ಲೋಕವು ಈ ಎರಡನ್ನೂ ಮರೆತು, ವೇಗವೊಂದೇ ಅವುಗಳ ಸಾರ್ಥಕ್ಯವೆಂದು ಭಾವಿಸಿರುವುದು. ಯಂತ್ರದಿಂದಲೂ ನಿಧಾನವನ್ನು ಕಲಿಯಬಹುದೆಂಬುದಕ್ಕೆ ಜರ್ಮನಿ ದೇಶದ ಹಾಲ್ಬರ್‌ಷ್ಟಾಟ್ ಪಟ್ಟಣದಲ್ಲಿ ಒಂದು ನಿದರ್ಶನವಿರುತ್ತದೆ.

ಅಮೆರಿಕದ ಸಂಗೀತರಚಕನಾದ ಜಾನ್ ಕೇಜನು 1985ರಲ್ಲಿ ಪಿಯಾನೊ ವಾದ್ಯಕ್ಕೆಂದು ರಚಿಸಿದ ಕೃತಿಯೊಂದನ್ನು 1987ರಲ್ಲಿ ಆರ್ಗನ್ ವಾದ್ಯಕ್ಕೆ ಹೊಂದಿಸಿದನು. ಸಾಧ್ಯವಾದಷ್ಟು ನಿಧಾನವಾಗಿ ಎಂಬುದೇ ಅದರ ಹೆಸರು. ಅದೇ ಅದರ ವಿಧಿ. ಎಷ್ಟು ನಿಧಾನವೆಂಬುದನ್ನು ಆತನು ಗೊತ್ತುಮಾಡದೆಯೇ 1992ರಲ್ಲಿ ಕಾಲವಾದನು. 1997ರಲ್ಲಿ ಟ್ರೊಸಿಂಗೆನ್ ಎಂಬ ಊರಿನಲ್ಲಿ ನೆರೆದ ವಾದಕರೂ ಪಂಡಿತರೂ ಈ ಪ್ರಶ್ನೆಯನ್ನು ವಿಚಾರಿಸಿದರು. ಪಿಯಾನೊದ ತಂತಿಯ ನಾದವು ಸ್ವಲ್ಪ ಹೊತ್ತಿನಲ್ಲಿ ಅಡಗುವುದು. ಆರ್ಗನ್ನಾದರೋ, ಭಜನೆಯ ಹಾರ್ಮೋನಿಯಮ್ಮಿನಂತೆ ತಿದಿಯ ಗಾಳಿಯಿಂದ ನುಡಿಯತಕ್ಕದ್ದು. ತಿದಿಯು ಊದುತ್ತಿರುವವರೆಗೂ ಕೊಳವೆಯು ಕೆಡದಿರುವವರೆಗೂ ಅದರ ಸ್ವರವು ನಿಲ್ಲದು. ಆದುದರಿಂದ ವಾದ್ಯದ ಆಯುಸ್ಸೇ ಅದರ ನಿಧಾನದ ಮೇರೆಯೆಂದಾಯಿತು.

ಹಾಲ್ಬರ್‌ಷ್ಟಾಟಿನ ಪ್ರಧಾನ ಕ್ರೈಸ್ತ ದೇವಾಲಯದಲ್ಲಿ 1361ರಲ್ಲಿಯೇ ಪ್ರಸಿದ್ಧವಾದ ಆರ್ಗನ್ ಒಂದಿದ್ದಿತು. ಅಂದಿನಿಂದ 2000ದವರೆಗೆ 639 ವರ್ಷಗಳು. ಈ ಕೃತಿಯೂ ಅಷ್ಟೇ ವರ್ಷ ನಡೆಯತಕ್ಕದ್ದೆಂದು ನಿಶ್ಚಯಿಸಲ್ಪಟ್ಟಿತು. ಅದಕ್ಕಾಗಿ ಆರಿಸಿದ ಸ್ಥಳವು ಸಂತ ಬುರ್ಖಾರ್ಡಿಯ ಹಳೆಯ ದೇವಾಲಯ. ಪೂರ್ವದಲ್ಲಿ ಸನ್ಯಾಸಿನಿಯರ ಆಶ್ರಮವಾಗಿದ್ದ ಆ ಕಟ್ಟಡವು 1810ರ ತರುವಾಯ ಕಣಜವಾಗಿ, ಮದ್ಯದ ಭಟ್ಟಿಯಾಗಿ, ಹಂದಿಗಳ ಕೊಟ್ಟಿಗೆಯಾಗಿ ಕಾಲ ಕಳೆದಿದ್ದಿತು.

2001ರ ಸೆಪ್ಟೆಂಬರ್ 5ರಂದು ವಾದನವು ಆರಂಭವಾಯಿತು. ಕೃತಿಯ ಮೊದಲಲ್ಲಿ ವಿರಾಮವಿರುವುದರಿಂದ 17 ತಿಂಗಳ ಕಾಲ ತಿದಿಯ ಉಸಿರಲ್ಲದೆ ಬೇರೇನೂ ಕೇಳಿಸಲಿಲ್ಲ. 2003ರ ಫೆಬ್ರವರಿ 5ರಂದು ಮೊದಲ ಸ್ವರಗಳು ಹೊರಟವು. ಅಲ್ಲಿ ವಾದಕನು ಕುಳಿತಿರುವುದಿಲ್ಲ. ಮರಳಿನ ಚೀಲಗಳ ಭಾರವು ಸ್ವರದ ಮನೆಗಳನ್ನು ಅದುಮಿ ಹಿಡಿದಿರುವುದು. ಗೊತ್ತಾದ ದಿನ ಬಂದಾಗ ಜನರು ದೂರದಿಂದ ಬಂದು ನೆರೆಯುವರು, ಕೊಳವೆಯೊಂದನ್ನು ಸೇರಿಸುವರು, ಅಥವಾ ತೆಗೆಯುವರು, ನಾದವು ಬದಲಾಗುವುದು. 2013ರ ಅಕ್ಟೋಬರ್ 5ರಿಂದ 2020ರ ಸೆಪ್ಟೆಂಬರ್ 5ರವರೆಗೆ, ಏಳು ವರ್ಷಕ್ಕೆ ಕೊಂಚ ಕಡಮೆಯಾದ ಅವಧಿಯಲ್ಲಿ, ಒಂದು ಬದಲಾವಣೆಯೂ ಆಗಲಿಲ್ಲ. ಸಮಾಪ್ತಿಯು 2640ರಲ್ಲಿ.

ಇದು ವ್ಯರ್ಥವಲ್ಲವೇ ಎಂದು ಯಾರಾದರೂ ಕೇಳಬಹುದು. ಆ ತಿದಿಯು ವಿದ್ಯುಚ್ಛಕ್ತಿಯಿಂದ ನಡೆಯುವುದು. ಅದಕ್ಕೆ ಹಣವು ಬೇಕು. ಹಸಿದವನಿಗೆ ಆ ನಾದವು ಅನ್ನವಾಗದು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೂ ಅಲ್ಲಿ ನಡೆಯುವ ಇನ್ನೊಂದು ಸಂಗತಿಯನ್ನು ನೋಡಬೇಕು. ದಾನಿಗಳು ಒಂದೊಂದು ವರ್ಷವನ್ನು ಆರಿಸಿಕೊಂಡು ದ್ರವ್ಯವನ್ನು ಕೊಡುವರು. ಆ ವರ್ಷದ ಫಲಕವು ಗೋಡೆಯಲ್ಲಿ ನಿಲ್ಲುವುದು. ಬಹುಪಾಲು ವರ್ಷಗಳು ಕೊಟ್ಟವರು ಬದುಕಿರಲಾರದಷ್ಟು ದೂರದಲ್ಲಿರುವುವು. ತಾವು ಕೇಳಲಾರದ ನಾದಕ್ಕಾಗಿ ಅವರು ಕೊಡುತ್ತಾರೆ.

ಸಾಮಾನ್ಯವಾಗಿ ಯಂತ್ರವು ಮನುಷ್ಯನ ಶ್ರಮವನ್ನು ಕಳೆಯುವುದು. ಅದರೊಡನೆ ಕಾಯುವ ಅಭ್ಯಾಸವನ್ನೂ ಕಳೆಯುವುದು. ಈ ಯಂತ್ರವು ಶುಶ್ರೂಷೆಯನ್ನು ಬೇಡುತ್ತದೆ. ಒಂದು ತಲೆಮಾರು ಅಲಕ್ಷ್ಯಮಾಡಿದರೆ ಹಿಂದಿನ ಎಲ್ಲ ತಲೆಮಾರುಗಳ ಸೇವೆಯೂ ಅಲ್ಲಿಗೇ ಮುಗಿಯುವುದು. ಅದು ಮುಗಿಯದಂತೆ ನೋಡಿಕೊಳ್ಳುವ ಜನರು ಇನ್ನೂ ಹುಟ್ಟಬೇಕಾಗಿದೆ. ನಂದಾದೀಪಕ್ಕೆ ಎಣ್ಣೆಯೆರೆಯುವವನು ಅದರ ಕೊನೆಯನ್ನು ಕಾಣಬೇಕೆಂದು ಎರೆಯುವುದಿಲ್ಲ. ತನ್ನ ಪಾಳಿಯಲ್ಲಿ ಅದು ಆರದಿದ್ದರೆ ಸಾಕೆಂದು ಎರೆಯುತ್ತಾನೆ. ಮಹೋತ್ಸವವೆಂದರೆ ಇಂತಹ ಪಾಳಿಗಳ ಲೆಕ್ಕವಷ್ಟೆ. ಮನೆಮನೆಯಲ್ಲಿಯೂ ಇರುವ ಯಂತ್ರವನ್ನು ಮುಟ್ಟುವ ಮುನ್ನ ಒಂದು ಉಸಿರಿನಷ್ಟು ಹೊತ್ತು ತಡೆದು, ಇದರಿಂದ ಏನು ಉಳಿಯತಕ್ಕದ್ದೆಂದು ಕೇಳಿಕೊಳ್ಳುವವನಿಗೆ ನಿಧಾನದ ಎರಡು ಅರ್ಥಗಳೂ ಒಂದೇ ಆಗಿ ತೋರುವುವು.