ಪಟ್ಟಿಯಲ್ಲಿ ಇಲ್ಲದ ನನ್ನ ಗೆಳೆಯ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಹವ್ಯಾಸದ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನನ್ನ ಹವ್ಯಾಸ ಏನೆಂದು ಊರಿಗೆಲ್ಲ ಗೊತ್ತು. ನೌಕರಿಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ ನನ್ನ ಮನೆಯ ಪಡಸಾಲೆ ಅರ್ಧ ರೇಡಿಯೊ ಅಂಗಡಿಯಾಗಿದೆ. ಬೆಳಿಗ್ಗೆ ಎದ್ದು ಹಳೆಯ ಸೆಟ್ಟಿನಲ್ಲಿ 765 ಕಿಲೋಹರ್ಟ್ಜ್‌ಗೆ ಧಾರವಾಡ ಆಕಾಶವಾಣಿ ಹಚ್ಚಿದರೆ ನನ್ನ ದಿನ ಶುರು. ಆಮೇಲೆ ಮೇಜಿನ ಮುಂದೆ ಕೂತರೆ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಬಿಚ್ಚಿ ಹರವಿದ ಯಾವುದೋ ಯಂತ್ರ. "ಊಟದ ತಾಟಿನ್ಯಾಗೂ ಸ್ಕ್ರೂ ಸಿಗತಾವ" ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಅದು ಸುಳ್ಳಲ್ಲ.

ಆದರೆ ಈ ಹುಚ್ಚು ನನಗೆ ಹಚ್ಚಿದವನು ಬೇರೆ. ಅವನ ಬಗ್ಗೆ ಹೇಳದೆ ನನ್ನ ಹವ್ಯಾಸದ ಬಗ್ಗೆ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ. ಅವನನ್ನು ಊರಲ್ಲಿ ಎಲ್ಲರೂ ರೇಡ್ಯೋ ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಅವನ ಸ್ವಂತ ಹೆಸರನ್ನು ಈಗ ಯಾಕೆ ಹೇಳುತ್ತಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ.

1978ರಲ್ಲಿ ನಾವಿಬ್ಬರೂ ಇದೇ ಶಾಲೆಗೆ ಎಂಟನೆಯ ತರಗತಿಗೆ ಸೇರಿದೆವು. ಆಗ ನಮ್ಮದು ವಿಜಾಪುರ ಜಿಲ್ಲೆ, ಜಮಖಂಡಿ ತಾಲೂಕು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ನಮ್ಮದು ಕಬ್ಬಿನ ಮನೆ, ಅವರದು ಮಗ್ಗದ ಮನೆ. ಅವನ ಅಪ್ಪ ಬನಹಟ್ಟಿಯ ಪವರ್‌ಲೂಮಿನಲ್ಲಿ ಕೂಲಿ ನೇಕಾರ. ತಾಯಿ ಮನೆಯಲ್ಲಿ ಕಂಡಿಕಿ ಸುತ್ತುತ್ತಿದ್ದರು. ಶಾಲೆಯಿಂದ ಬಂದ ಮೇಲೆ ಅವನೂ ಸುತ್ತಬೇಕು.

ಆ ಕೈಯೇ ರೇಡಿಯೊ ಮಾಡಿತು. ಮೋಟರ್ ರಿವೈಂಡಿಂಗ್ ಅಂಗಡಿಯವರು ಬಿಸಾಕಿದ ಸಣ್ಣ ತಾಮ್ರದ ತಂತಿ ಆರಿಸಿ ತಂದ. ನೂಲು ಸುತ್ತಿ ಬರುತ್ತಿದ್ದ ರಟ್ಟಿನ ಕೊಳವೆಗೆ ಅದನ್ನು ತೊಂಬತ್ತು ಸುತ್ತು ಸುತ್ತಿದ. ನಾನು ಸುತ್ತಿದರೆ ತಂತಿಯ ಮೇಲೆ ತಂತಿ ಏರುತ್ತಿತ್ತು. ಅವನು ಸುತ್ತಿದ್ದು ಜೋಡಿಸಿಟ್ಟ ಹಾಗೆ, ಸುತ್ತಿಗೆ ಸುತ್ತು ತಾಗಿ. ಕೆಟ್ಟ ಸೆಟ್ಟಿನ ಒಂದು ಗ್ಯಾಂಗ್ ಕಂಡೆನ್ಸರ್, ಒಂದು ಡಯೋಡು, ಒಂದು ಟ್ರಾನ್ಸಿಸ್ಟರು, ಒಂದು ಸೆಲ್ಲು, ಒಂದು ಇಯರ್‌ಫೋನು. ಇಷ್ಟಕ್ಕೆ ನಾನು ಮಾಡಿದ್ದು ರೊಕ್ಕ ಹೊಂದಿಸಿದ್ದು, ಜಮಖಂಡಿಗೆ ಬಸ್ಸಿನಲ್ಲಿ ಹೋಗಿ ಬಿಡಿಭಾಗ ತಂದದ್ದು. ಬೇವಿನ ಗಿಡದಿಂದ ಅವರ ಮಾಳಿಗೆಯ ಮೇಲಿನವರೆಗೆ ಏರಿಯಲ್ ತಂತಿ ಎಳೆದೆವು.

ಮೊದಲ ದಿನ ಕಿವಿಗೆ ಬಿದ್ದದ್ದು ಮರಾಠಿ ಹಾಡು! ನಮಗೆ ಧಾರವಾಡಕ್ಕಿಂತ ಸಾಂಗ್ಲಿ ಹತ್ತಿರವಲ್ಲವೆ? ಧಾರವಾಡ ಸಿಗಲು ಇನ್ನೂ ನಾಲ್ಕು ದಿನ ಬೇಕಾಯಿತು. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯ ಲೈಸೆನ್ಸ್ ಬೇಕಿತ್ತು. ನಮ್ಮ ಹತ್ತಿರ ಇರಲಿಲ್ಲ. ಪೋಸ್ಟ್‌ಮನ್ ಓಣಿಗೆ ಬಂದರೆ ಇಬ್ಬರೂ ಮಾಳಿಗೆ ಏರಿ ಏರಿಯಲ್ ಬಿಚ್ಚುತ್ತಿದ್ದೆವು. ಅವರು ಪಾಪ, ಪತ್ರ ಕೊಟ್ಟು ನೀರು ಕುಡಿದು ಹೋಗುತ್ತಿದ್ದರು.

ರಾತ್ರಿಯಾದರೆ ದೂರದೂರದ ಕೇಂದ್ರಗಳು ತಾವಾಗಿ ಬರುತ್ತಿದ್ದವು. ಯಾಕೆಂದು ವಿಜ್ಞಾನದ ಗುರುಗಳನ್ನು ಕೇಳಿದವನು ಅವನೇ. ಹಗಲು ಬಿಸಿಲಿಗೆ ಆಕಾಶದಲ್ಲಿ ಒಂದು ಪದರ ಉಂಟಾಗಿ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ, ಹೊತ್ತು ಮುಳುಗಿದರೆ ಆ ಪದರ ಕರಗುತ್ತದೆ, ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರ ಬಂದು ಇಳಿಯುತ್ತವೆ ಎಂದು ಗುರುಗಳು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಆ ಚಿತ್ರ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕರೆಂಟ್ ಹೋದಾಗ ನಮ್ಮ ರೇಡಿಯೊ ಬಹಳ ಸ್ವಚ್ಛ ಕೇಳಿಸುತ್ತಿತ್ತು. ಮೋಟರು, ಸ್ವಿಚ್ಚು, ಟ್ಯೂಬ್‌ಲೈಟುಗಳ ಗರಗರ ನಿಲ್ಲುತ್ತಿತ್ತಲ್ಲ. ಒಂದು ಸಲ ಕರೆಂಟ್ ಹೋದ ಕೂಡಲೇ ನಾನು ಚಪ್ಪಾಳೆ ಹೊಡೆದೆ. ಅವನು ಇಯರ್‌ಫೋನ್ ತೆಗೆದು ಹೇಳಿದ: "ಲೇ, ಹಿಗ್ಗಬ್ಯಾಡ. ಮಗ್ಗ ನಿಂತ್ರ ನಮ್ಮಪ್ಪನ ಕೂಲಿ ನಿಂತಂಗ."

1980ರಲ್ಲಿ ಅವನ ಅಪ್ಪ ಹಾಸಿಗೆ ಹಿಡಿದರು. ಒಂಬತ್ತನೆಯ ತರಗತಿಯ ನಡುವೆಯೇ ಅವನು ಶಾಲೆ ಬಿಟ್ಟು ಮಗ್ಗಕ್ಕೆ ನಿಂತ. ಮುಂದಿನ ವರ್ಷ ವಿಜ್ಞಾನ ಪ್ರದರ್ಶನದಲ್ಲಿ ಅದೇ ರೇಡಿಯೊ ಇಟ್ಟೆ. ಮೊದಲ ಬಹುಮಾನ ಬಂತು. ಪ್ರಮಾಣಪತ್ರದ ಮೇಲೆ ನನ್ನೊಬ್ಬನ ಹೆಸರು. ಯಾರು ಮಾಡಿದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಪ್ರಮಾಣಪತ್ರ ತೋರಿಸಿ ಕಾಲೇಜಿನಲ್ಲಿ ಹೆಮ್ಮೆಪಟ್ಟಿದ್ದೇನೆ. ಇದನ್ನು ಈ ವೇದಿಕೆಯ ಮೇಲೆ ಹೇಳಲು ನನಗೆ ನಾಲ್ಕು ದಶಕ ಬೇಕಾಯಿತು.

ಅವನು ಕೈ ಬಿಡಲಿಲ್ಲ. ಹಗಲು ಮಗ್ಗ, ರಾತ್ರಿ ರಿಪೇರಿ. ರಬಕವಿ, ಜಮಖಂಡಿ, ಮುಧೋಳ ಕಡೆಯಿಂದ ರೇಡಿಯೊ, ಟೇಪ್‌ರೆಕಾರ್ಡರ್, ಆಮೇಲೆ ಟಿವಿ ಅವನ ಮನೆಗೆ ಬರುತ್ತಿದ್ದವು. ಬೀಳಗಿ ಕಡೆಯ ಒಬ್ಬ ಅಜ್ಜನ ಊರು ಆಲಮಟ್ಟಿ ಹಿನ್ನೀರಿಗೆ ಹೋಗಿತ್ತು. ಹಳೆಯ ಮನೆಯಿಂದ ತಂದ ರೇಡಿಯೊ ಹೊಸ ಊರಿಗೆ ಬಂದ ಮೇಲೆ ಮಾತಾಡುತ್ತಿಲ್ಲ ಎಂದು ಹೊತ್ತು ತಂದಿದ್ದರು. ಸರಿಮಾಡಿ ಕೊಟ್ಟು, "ಅಜ್ಜಾರ, ರೊಕ್ಕ ಬ್ಯಾಡ. ಒಂದ್ ಕಪ್ಪ ಚಾ ಕುಡದ ಹೋಗ್ರಿ" ಎಂದ. ಇಂಥವನಿಗೆ ದುಡ್ಡು ಎಲ್ಲಿ ನಿಲ್ಲಬೇಕು?

2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಕೃಷ್ಣೆ, ಘಟಪ್ರಭೆ ಎರಡೂ ಏರಿ ಬಂದವು. ದಂಡೆಯ ಊರುಗಳ ಜನ ಇದೇ ಶಾಲೆಯಲ್ಲಿ ಆಸರೆ ಪಡೆದರು. ಕರೆಂಟ್ ಇಲ್ಲ, ಮೊಬೈಲ್ ಎಲ್ಲ ಸತ್ತಿವೆ, ತಮ್ಮವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ರೇಡ್ಯೋ ಕಾಕಾ ಒಂದು ಟ್ರ್ಯಾಕ್ಟರ್ ಬ್ಯಾಟರಿ ಹೊತ್ತು ತಂದು ವರಾಂಡದಲ್ಲಿ ಕೂತ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ 7805 ಎಂಬ ಸಣ್ಣ ಐಸಿಗಳನ್ನು ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳಕ್ಕೆ ಬಿಗಿದಿದ್ದ. ಇಳಿಸಿದ ವೋಲ್ಟೇಜೆಲ್ಲ ಬಿಸಿಯಾಗಿ ಹೊರಗೆ ಬರುವುದರಿಂದ ಮುಚ್ಚಳ ಮುಟ್ಟಲಾಗದಷ್ಟು ಸುಡುತ್ತಿತ್ತು. ಒಬ್ಬೊಬ್ಬರ ಫೋನನ್ನು ಒಂದು ಕರೆಗೆ ಸಾಕಾಗುವಷ್ಟು ಮಾತ್ರ ಚಾರ್ಜ್ ಮಾಡಿ ಕೊಡುತ್ತಿದ್ದ. ಪಕ್ಕದಲ್ಲಿ ಒಂದು ರೇಡಿಯೊ ಸುದ್ದಿ ಹೇಳುತ್ತಿತ್ತು. ಒಬ್ಬ ತಾಯಿ ಫೋನಿನಲ್ಲಿ ಮಗನ ದನಿ ಕೇಳಿ ಅಲ್ಲೇ ನೆಲಕ್ಕೆ ಕೂತು ಅತ್ತದ್ದನ್ನು ನಾನು ಕಣ್ಣಾರೆ ನೋಡಿದೆ. ಶಾಲೆ ಬಿಟ್ಟ 39 ವರ್ಷದ ಮೇಲೆ ಅವನು ಈ ಶಾಲೆಯ ಮೆಟ್ಟಿಲು ಹತ್ತಿದ್ದು ಅವತ್ತು.

ನಾನು ಊರಿಗೆ ಬಂದ ಮೇಲೆ ಪ್ರತಿ ರವಿವಾರ ಕೂಡಿ ಕೆಲಸ ಮಾಡಿದೆವು. ನಮ್ಮ ಕಡೆ ಕಬ್ಬಿಗೆ ನೀರು ಹೆಚ್ಚಾಗಿ ಎಷ್ಟೋ ಹೊಲ ಸವಳು ಬಿದ್ದಿವೆ. ಮಣ್ಣಿನ ಹಸಿ ಅಳೆದು, ಸಾಕಾದಾಗ ಮೋಟರ್ ನಿಲ್ಲಿಸುವ ಅಂಗೈ ಅಗಲದ ಒಂದು ಬೋರ್ಡು ಮಾಡುತ್ತಿದ್ದೆವು. ಒಂದು ರವಿವಾರ ಧೈರ್ಯ ಮಾಡಿ ಆ ಬಹುಮಾನದ ಮಾತು ತೆಗೆದೆ. ಅವನು ನಕ್ಕ. "ಬಹುಮಾನ ನೀ ತಗೊಂಡಿ, ಆದ್ರ ಮೊದ್ಲ ಧಾರವಾಡ ಕೇಳಿದಾಂವ ನಾ ಅಲ್ಲೇನಲೇ?" ಎಂದು ಮತ್ತೆ ಕೆಲಸಕ್ಕೆ ಬಗ್ಗಿದ. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ. ಬೋರ್ಡು ಅರ್ಧಕ್ಕೇ ಉಳಿದಿದೆ. ರವಿವಾರ ಬಂದರೆ ನಾನು ಇವತ್ತಿಗೂ ಎರಡು ಕಪ್ ಚಹಾ ಎನ್ನುತ್ತೇನೆ. ಮನೆಯವರು ಏನೂ ಅನ್ನದೆ ಎರಡೂ ತಂದಿಡುತ್ತಾರೆ.

ಹದಿನೈದು ದಿನ ಕಳೆದ ಮೇಲೆ ಅವನ ಮಗಳು ಒಂದು ಬಿಸ್ಕಿಟ್ ಡಬ್ಬಿ ತಂದು ಕೊಟ್ಟಳು. "ಕಾಕಾ, ಇದು ನಿಮಗ ಗೊತ್ತಿರತೈತಿ ಅಂತ ಅವ್ವ ಅಂದ್ಳು." ಒಳಗೆ ಆ ರಟ್ಟಿನ ಕೊಳವೆ, ಆ ತೊಂಬತ್ತು ಸುತ್ತು. ಒಂದು ಸುತ್ತೂ ಸಡಿಲಾಗಿರಲಿಲ್ಲ.

ಈಗ ಕೊನೆಯ ಮಾತು. ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ತಯಾರಾಗುತ್ತಿದೆ. ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿ ಅದು. ನನ್ನ ಹೆಸರಿದೆ, ಅವನದಿಲ್ಲ. ಅವನೊಬ್ಬನ ಹೆಸರು ಸೇರಿಸಿ ಎಂದು ಕೇಳಿದರೆ ಅದು ಗೆಳೆತನದ ಶಿಫಾರಸು ಆಗುತ್ತದೆ. ಅದಕ್ಕೇ ಇಲ್ಲಿ ಅವನ ಹೆಸರು ಹೇಳಲಿಲ್ಲ. ನನ್ನ ವಿನಂತಿ ಇಷ್ಟೇ: ಪಟ್ಟಿಯನ್ನು ದಾಖಲಾತಿ ರಿಜಿಸ್ಟರಿನಿಂದ ಮಾಡಿರಿ. ಮಗ್ಗಕ್ಕೆ ಹೋದವರು, ಕಬ್ಬು ಕಡಿಯಲು ಹೋದವರು, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳು, ಎಲ್ಲರೂ ಅದರಲ್ಲಿ ಇದ್ದಾರೆ. ಅವನೂ ಇದ್ದಾನೆ. ರಿಜಿಸ್ಟರ್ ನೋಡಿ ನಕಲು ಮಾಡುವ ಕೆಲಸ ನನಗೆ ಕೊಡಿರಿ, ಮಾಡುತ್ತೇನೆ.

ಸರ್ಕಾರಕ್ಕೆ ಕಾಯದೆ 1989ರಲ್ಲಿ ರೈತರೇ ಶ್ರಮದಾನ ಮಾಡಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ಸೀಮೆ ನಮ್ಮದು. ಕೈಯಿಂದ ಮಾಡುವವರಿಗೆ ಇಲ್ಲಿ ಬರವಿಲ್ಲ. ಆ ಡಬ್ಬಿಯನ್ನು ಇವತ್ತು ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಬಂದು ಕೂಡುತ್ತೇನೆ. ಆ ಅರ್ಧ ಉಳಿದ ಬೋರ್ಡನ್ನೂ ತರುತ್ತೇನೆ. ಮಕ್ಕಳೆ, ಬರ್ರಿ. ಶಾಲೆ ಬಿಟ್ಟ ನಿಮ್ಮ ಗೆಳೆಯರಿದ್ದರೆ ಅವರನ್ನೂ ಕರಕೊಂಡು ಬರ್ರಿ.